ಬಾಸ್ಟನ್ ಬೀದಿಗೆ ಬಂದ ಬೇಡಿ

ಹೋದ ಸಂಚಿಕೆಯಲ್ಲಿ ಯಾರೋ ಲಿಂಕನ್ ಬಗ್ಗೆ ಕೇಳಿದ್ದರು. 'ಗುಲಾಮಗಿರಿಯ ಜಗಳವೇ ಅಮೆರಿಕವನ್ನು ಅಂತರ್ಯುದ್ಧಕ್ಕೆ ಎಳೆದುಕೊಂಡು ಹೋಯಿತು' ಅಂತ ಒಂದು ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಒಂದು ಸಾಲಿಗೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಒಪ್ಪಿಲ್ಲ, ಕೆಲವರಿಗೆ ಅಷ್ಟು ಸಾಕಾಗಿಲ್ಲ. ಹಾಗಾಗಿ ಈ ಸಲದ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ಅಮೆರಿಕದಲ್ಲಿ ಗುಲಾಮಗಿರಿ 200 ವರ್ಷಕ್ಕೂ ಹೆಚ್ಚು ಕಾಲ ಇತ್ತು. ಅಷ್ಟು ದಿನ ಇಲ್ಲದ ಯುದ್ಧ 1861ಕ್ಕೇ ಯಾಕೆ ಬಂತು? — ಮೈಸೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು

ಜಗಳ ಮೊದಲಿನಿಂದಲೂ ಇತ್ತು ಮೇಷ್ಟ್ರೇ, ಮುಚ್ಚಿಟ್ಟಿದ್ದರು ಅಷ್ಟೆ. 1787ರಲ್ಲಿ ಸಂವಿಧಾನ ಬರೆಯುವಾಗ 'ಗುಲಾಮ' ಎಂಬ ಪದವನ್ನೇ ಅದರಲ್ಲಿ ಸೇರಿಸಲಿಲ್ಲ. 'ಇತರ ವ್ಯಕ್ತಿಗಳು' ಅಂತ ಬರೆದರು. ಮನೆಯಲ್ಲಿ ನಾಚಿಕೆಪಡುವ ಸಂಗತಿ ಇದ್ದರೆ ನೆಂಟರ ಮುಂದೆ ಹೆಸರೆತ್ತದೆ ಮಾತಾಡುತ್ತೇವಲ್ಲ, ಹಾಗೆ. ಆದರೆ ಹೆಸರೆತ್ತದೆಯೇ ಅದಕ್ಕೆ ಬೇಕಾದ್ದೆಲ್ಲ ಕೊಟ್ಟರು. ಓಡಿಹೋದವರನ್ನು ಮಾಲೀಕನಿಗೆ ಒಪ್ಪಿಸಬೇಕು. ಆಫ್ರಿಕಾದಿಂದ ಜನರನ್ನು ತರುವ ವ್ಯಾಪಾರವನ್ನು 1808ರವರೆಗೆ ಸಂಸತ್ತು ನಿಲ್ಲಿಸುವಂತಿಲ್ಲ. ಸಂಸತ್ತಿನ ಸೀಟು ಹಂಚುವಾಗ ಐದು ಗುಲಾಮರನ್ನು ಮೂರು ಜನ ಅಂತ ಎಣಿಸಬೇಕು. ಈ ಕೊನೆಯದನ್ನು ಸ್ವಲ್ಪ ಗಮನಿಸಿ. ಅವರಿಗೆ ವೋಟಿಲ್ಲ, ಆದರೆ ಅವರ ತಲೆ ಎಣಿಸಿ ಅವರ ಮಾಲೀಕರ ರಾಜ್ಯಕ್ಕೆ ಸೀಟು ಜಾಸ್ತಿ.

ಇದು ತಾನಾಗಿಯೇ ಕರಗಿಹೋಗುತ್ತದೆ ಅಂತ ಅವತ್ತಿನ ನಾಯಕರಲ್ಲಿ ಹಲವರು ನಂಬಿದ್ದರು. ಆ ನಂಬಿಕೆಯನ್ನು ಹತ್ತಿ ಸುಳ್ಳು ಮಾಡಿತು. ಅಮೆರಿಕದ ದಕ್ಷಿಣದಲ್ಲಿ ಎಲ್ಲ ಕಡೆ ಬೆಳೆಯಬಲ್ಲ ಹತ್ತಿಯಲ್ಲಿ ಒಂದು ತೊಂದರೆ ಇತ್ತು, ಬೀಜ ಅರಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತಿತ್ತು. ಕೈಯಲ್ಲಿ ಬಿಡಿಸಿದರೆ ಒಬ್ಬರಿಗೆ ದಿನವೆಲ್ಲ ಕೂತರೂ ಅರ್ಧ ಕಿಲೋ ಆಗುತ್ತಿರಲಿಲ್ಲ. 1793ರಲ್ಲಿ ಎಲಿ ವಿಟ್ನಿ ಎಂಬ ಹುಡುಗ ಒಂದು ಯಂತ್ರ ಮಾಡಿದ. ಹಿಡಿ ತಿರುಗಿಸಿದರೆ ಸುತ್ತುವ ಉರುಳೆ, ಅದರ ಮೈತುಂಬ ತಂತಿ ಹಲ್ಲು. ಹಲ್ಲು ಅರಳೆಯನ್ನು ಸಣ್ಣ ಸಂದಿಯೊಳಗಿಂದ ಎಳೆದುಕೊಳ್ಳುತ್ತದೆ, ಬೀಜ ಆ ಸಂದಿಯಲ್ಲಿ ತೂರಲಾಗದೆ ಈಚೆಗೇ ಉಳಿಯುತ್ತದೆ. ಇದೇ ಜಿನ್. ರಾಯಚೂರು, ಬಳ್ಳಾರಿ ಕಡೆಯವರಿಗೆ ಜಿನ್ನಿಂಗ್ ಫ್ಯಾಕ್ಟರಿ ಅಂದರೆ ಬೇರೆ ವಿವರಣೆ ಬೇಕಿಲ್ಲ.

ಯಂತ್ರ ಬಂದರೆ ಆಳುಗಳ ಕೆಲಸ ಕಮ್ಮಿ ಆಗಬೇಕು ಅಲ್ವಾ? ಆಗಿದ್ದು ಉಲ್ಟಾ. ಬೀಜ ಬಿಡಿಸುವುದು ಸಲೀಸಾಯಿತು. ಆದರೆ ಉಳುವುದು, ಬಿತ್ತುವುದು, ಕಳೆ ತೆಗೆಯುವುದು, ಬಿಸಿಲಲ್ಲಿ ಬಗ್ಗಿ ಹತ್ತಿ ಬಿಡಿಸುವುದು ಎಲ್ಲ ಕೈಕೆಲಸವೇ. ಎಷ್ಟು ಬೆಳೆದರೂ ಇಂಗ್ಲೆಂಡಿನ ಮಿಲ್ಲುಗಳು ಕೊಳ್ಳುತ್ತವೆ, ಹಾಗಾಗಿ ಇನ್ನಷ್ಟು ಜಮೀನು ಬೇಕು, ಇನ್ನಷ್ಟು ಆಳು ಬೇಕು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷ. ಅಷ್ಟರಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಮಿಸಿಸಿಪಿ, ಅಲಬಾಮ ಕಡೆಯ ಹೊಸ ಹತ್ತಿ ಸೀಮೆಗೆ ಸಾಗಿಸಿದ ಜನ ಸುಮಾರು 10 ಲಕ್ಷ. ತಾಯಿ ಒಂದು ಕಡೆ, ಮಗು ಇನ್ನೊಂದು ಕಡೆ. ಕರಗಿಹೋಗಬೇಕಿದ್ದ ಪದ್ಧತಿ ಆ ದೇಶದ ಅತಿ ದೊಡ್ಡ ಆಸ್ತಿಯಾಗಿ ಬೆಳೆದಿತ್ತು. ಗುಲಾಮರನ್ನು ಅಡ ಇಟ್ಟು ಸಾಲ ತೆಗೆಯುತ್ತಿದ್ದರು. 1860ರ ಹೊತ್ತಿಗೆ ಅವರ 'ಬೆಲೆ' ದೇಶದ ರೈಲ್ವೆಗೂ ಕಾರ್ಖಾನೆಗಳಿಗೂ ಹಾಕಿದ್ದ ಬಂಡವಾಳಕ್ಕಿಂತ ಜಾಸ್ತಿ ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಇಷ್ಟು ದುಡ್ಡು ಕೂತಿರುವ ಜಾಗವನ್ನು ಯಾರು ಸುಮ್ನೆ ಬಿಟ್ಟುಕೊಡುತ್ತಾರೆ ಹೇಳಿ.

ಪ್ರಶ್ನೆ: ಕೂತು ಮಾತಾಡಿ ರಾಜಿ ಮಾಡಿಕೊಳ್ಳಬಹುದಿತ್ತಲ್ಲವೇ? — ಬೆಂಗಳೂರಿನಿಂದ ಒಬ್ಬರು

ಮಾಡಿಕೊಂಡರು. ಅದೇ ತೊಂದರೆ.

1820ರಲ್ಲಿ ಮಿಸೌರಿ ರಾಜ್ಯ ಗುಲಾಮಗಿರಿ ಇಟ್ಟುಕೊಂಡು ಒಕ್ಕೂಟಕ್ಕೆ ಸೇರಲು ಬಂತು. ಆಗ ಗುಲಾಮಗಿರಿ ಇರುವ ದಕ್ಷಿಣ, ಇಲ್ಲದ ಉತ್ತರ, ಎರಡು ಕಡೆಯೂ 11-11 ರಾಜ್ಯ. ತಕ್ಕಡಿ ಏರುಪೇರಾಗದಿರಲಿ ಅಂತ ಗುಲಾಮಗಿರಿ ಇಲ್ಲದ ಮೇನ್ ರಾಜ್ಯವನ್ನೂ ಜೊತೆಗೆ ಸೇರಿಸಿಕೊಂಡರು. ಪಶ್ಚಿಮದಲ್ಲಿ ಫ್ರಾನ್ಸಿನಿಂದ ಕೊಂಡಿದ್ದ ಲೂಸಿಯಾನಾ ಸೀಮೆಯ ಜಮೀನಿನ ಮೇಲೆ ಒಂದು ಗೆರೆ ಎಳೆದು, ಮಿಸೌರಿ ಬಿಟ್ಟರೆ ಗೆರೆಯ ಉತ್ತರಕ್ಕೆ ಗುಲಾಮಗಿರಿ ಇಲ್ಲ ಅಂದರು. ಅಣ್ಣತಮ್ಮ ಜಮೀನಿನ ನಡುವೆ ಬದು ಹಾಕಿಕೊಂಡ ಹಾಗೆ. ಬದು ಹಾಕಿದ ಮೇಲೆ ಮೂರನೆಯವರ ಹೊಲ ಕೈಗೆ ಬಂದರೆ? 1846-48ರಲ್ಲಿ ಮೆಕ್ಸಿಕೋ ಜೊತೆ ಯುದ್ಧ ಮಾಡಿ ಅಷ್ಟಗಲ ನೆಲ ಗೆದ್ದರು. ಅದು ಯಾರ ಕಡೆಗೆ ಅಂತ ಮತ್ತೆ ಕಿತ್ತಾಟ. 1850ರಲ್ಲಿ ಇನ್ನೊಂದು ರಾಜಿ. ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಬಂತು. ಬದಲಿಗೆ ದಕ್ಷಿಣಕ್ಕೆ ಸಿಕ್ಕಿದ್ದು ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಹೊಸ ಕಾನೂನು. ಈ ಕಾನೂನು ಎಷ್ಟು ಬೆಂಕಿ ಹಚ್ಚಿತು ಅನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಯುದ್ಧ ಆಗಿದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಮ್ಮ ಲೆಕ್ಚರರ್ ಅದು ಸುಳ್ಳು ಅಂತಾರೆ. ಯಾರನ್ನು ನಂಬಲಿ? — ಶಿವಮೊಗ್ಗದಿಂದ ಬಿ.ಎ. ವಿದ್ಯಾರ್ಥಿನಿ

ನಿಮ್ಮ ಲೆಕ್ಚರರ್ ಅವರನ್ನು.

ಆ 1850ರ ಕಾನೂನನ್ನೇ ನೋಡಮ್ಮ. ದಕ್ಷಿಣದ ವರ್ಜೀನಿಯಾದಿಂದ ಓಡಿಬಂದವನು ಉತ್ತರದ ಬಾಸ್ಟನ್‌ನಲ್ಲಿ ಸಿಕ್ಕರೆ ಬಾಸ್ಟನ್ ಕೋರ್ಟಿನ ಜ್ಯೂರಿ ಇಲ್ಲ. ಹಿಡಿಸಿಕೊಂಡವನು ತನ್ನ ಪರವಾಗಿ ಸಾಕ್ಷಿ ಹೇಳುವಂತಿಲ್ಲ. ಕೇಂದ್ರ ಸರ್ಕಾರದ ಒಬ್ಬ ಕಮಿಷನರ್ ಕೂತು ತೀರ್ಮಾನ ಮಾಡುತ್ತಾನೆ. ಇವನು ಗುಲಾಮನೇ ಅಂತ ತೀರ್ಪು ಕೊಟ್ಟರೆ ಆ ಕಮಿಷನರಿಗೆ 10 ಡಾಲರ್ ಫೀಸು, ಅಲ್ಲ ಅಂತ ಬಿಟ್ಟರೆ 5 ಡಾಲರ್. ಯಾಕೆ ಅಂದರೆ, ಹಿಂದಕ್ಕೆ ಕಳಿಸುವಾಗ ಕಾಗದಪತ್ರದ ಕೆಲಸ ಜಾಸ್ತಿಯಂತೆ! ದಾರಿಯಲ್ಲಿ ಹೋಗುವವನನ್ನು ಅಧಿಕಾರಿ ಕರೆದು 'ಬಾ, ಇವನನ್ನು ಹಿಡಿಯೋಕೆ ಕೈಜೋಡಿಸು' ಅಂದರೆ ಅವನು ಹೋಗಲೇಬೇಕು.

1854ರ ಮೇ 24ರಂದು ಬಾಸ್ಟನ್‌ನಲ್ಲಿ ಆಂಥೊನಿ ಬರ್ನ್ಸ್ ಎಂಬ ಯುವಕ ಸಿಕ್ಕಿಬಿದ್ದ. ವರ್ಜೀನಿಯಾದ ರಿಚ್ಮಂಡ್‌ನಿಂದ ಹಡಗಿನಲ್ಲಿ ಅಡಗಿ ಬಂದು ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಊರಲ್ಲಿದ್ದ ಅಣ್ಣನಿಗೊಂದು ಕಾಗದ ಬರೆದದ್ದೇ ತಪ್ಪಾಯಿತು, ಅದು ಮಾಲೀಕನ ಕೈಗೆ ಸಿಕ್ಕಿತು. ಬಿಡಿಸಲು ಜನ ಕೋರ್ಟಿನ ಬಾಗಿಲು ಮುರಿಯಲು ನುಗ್ಗಿದರು, ಆ ಗಲಾಟೆಯಲ್ಲಿ ಒಬ್ಬ ಕಾವಲುಗಾರ ಸತ್ತ. ಆದರೂ ಕಮಿಷನರ್ ತೀರ್ಪು ಮಾಲೀಕನ ಪರವಾಗಿಯೇ ಬಂತು. ಜೂನ್ 2ರಂದು ಬರ್ನ್ಸ್‌ನನ್ನು ಸೈನಿಕರ ನಡುವೆ ಬಂದರಿಗೆ ನಡೆಸಿಕೊಂಡು ಹೋದರು. ಒಬ್ಬ ಬರಿಗೈ ಮನುಷ್ಯ, ಸುತ್ತ ಬಂದೂಕು, ಜೊತೆಗೊಂದು ಫಿರಂಗಿ. ಅಂಗಡಿ, ಆಫೀಸುಗಳ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಬೀದಿಯ ಮೇಲೆ ಒಂದು ಶವಪೆಟ್ಟಿಗೆ ತೂಗುಬಿಟ್ಟು ಅದರ ಮೇಲೆ 'ಸ್ವಾತಂತ್ರ್ಯ' ಅಂತ ಬರೆದಿದ್ದರು. ಅಕ್ಕಪಕ್ಕ ನಿಂತು ಧಿಕ್ಕಾರ ಕೂಗಿದವರು ಸುಮಾರು 50 ಸಾವಿರ ಅಂತ ಅಂದಾಜು.

ಇವರೆಲ್ಲ ಮೊದಲಿನಿಂದಲೂ ಗುಲಾಮರ ಪರ ಇದ್ದವರು ಅಂದುಕೊಳ್ಳಬೇಡಿ. ಉತ್ತರದವರೇನು ಸಂತರಲ್ಲ. ಬಾಸ್ಟನ್ ಸಾಹುಕಾರರ ಮಿಲ್ಲು ಓಡುತ್ತಿದ್ದದ್ದೇ ಗುಲಾಮರು ಬಿಡಿಸಿದ ಹತ್ತಿಯಿಂದ. ಏಮಸ್ ಲಾರೆನ್ಸ್ ಎಂಬ ಬಟ್ಟೆ ವ್ಯಾಪಾರಿ ಇಂಥವರಲ್ಲಿ ಒಬ್ಬ. ರಾತ್ರಿ ಮಲಗುವಾಗ ಹಳೇ ಕಾಲದ ರಾಜಿ ಮನುಷ್ಯರಾಗಿದ್ದೆವು, ಬೆಳಗ್ಗೆ ಏಳುವಾಗ ಗುಲಾಮಗಿರಿ ವಿರುದ್ಧ ಹುಚ್ಚೇ ಹಿಡಿದಿತ್ತು ಎನ್ನುವ ಅರ್ಥದಲ್ಲಿ ಆತ ಬರೆದ. ನನಗೆ ಈ ಇಡೀ ಕಥೆಯ ಕೀಲಿಕೈ ಅದೇ ಅನಿಸುತ್ತದೆ. ದೂರದ ಹೊಲದಲ್ಲಿ ಯಾರದೋ ಕಾಲಿಗೆ ಬೇಡಿ ಇದ್ದಾಗ ಉತ್ತರದ ಬಹಳಷ್ಟು ಜನ ನೋಡದ ಹಾಗೆ ಇದ್ದರು. ಅದೇ ಬೇಡಿ ತಮ್ಮ ಬೀದಿಗೆ ಬಂದು, 'ಬನ್ನಿ, ನೀವೂ ಒಂದು ಕೈ ಹಿಡೀರಿ' ಅಂದಾಗ ಆಗಲಿಲ್ಲ.

ಈಗ ಹೇಳಿ, ಇದರಲ್ಲಿ ರಾಜ್ಯದ ಹಕ್ಕು ಎಲ್ಲಿದೆ? ಮ್ಯಾಸಚೂಸೆಟ್ಸ್, ವಿಸ್ಕಾನ್ಸಿನ್ ಥರದ ರಾಜ್ಯಗಳು 'ನಮ್ಮ ನೆಲದಲ್ಲಿ ಜನರನ್ನು ಹೀಗೆ ಹಿಡಿಯುವಂತಿಲ್ಲ' ಅಂತ ತಮ್ಮದೇ ಕಾನೂನು ತಂದವು. ಕೇಂದ್ರದ ಬಲ ಬಳಸಿ ಅದನ್ನು ಮುರಿಯಿರಿ ಅಂದವರು ದಕ್ಷಿಣದವರು. 1860ರಲ್ಲಿ ಸೌತ್ ಕ್ಯಾರೊಲಿನಾ ಒಕ್ಕೂಟ ಬಿಡುವಾಗ ಕಾರಣ ಬರೆದು ಪ್ರಕಟಿಸಿತು. ಅದರಲ್ಲಿ ದೊಡ್ಡ ದೂರು ಏನು ಗೊತ್ತಾ? ಉತ್ತರದ ರಾಜ್ಯಗಳು ಓಡಿಬಂದ ಗುಲಾಮರನ್ನು ಹಿಂದಿರುಗಿಸುತ್ತಿಲ್ಲ ಅನ್ನುವುದು. ಮಿಸಿಸಿಪಿಯಂತೂ ಸುತ್ತಿಬಳಸದೆ, ನಮ್ಮ ನಿಲುವು ಗುಲಾಮಗಿರಿಯೊಂದಿಗೇ ಬೆಸೆದುಕೊಂಡಿದೆ ಅಂತ ಬರೆದುಕೊಟ್ಟಿತು. ಅವರೇ ಸಹಿ ಹಾಕಿ ಕೊಟ್ಟ ಕಾರಣವನ್ನು ಇವತ್ತಿನ ವಿಡಿಯೋದವರು ಯಾಕೆ ತಿದ್ದಬೇಕು?

ಪ್ರಶ್ನೆ: ಅಮೆರಿಕದ ಸಂಸತ್ತಿನಲ್ಲಿ ಒಬ್ಬ ಸದಸ್ಯ ಇನ್ನೊಬ್ಬನಿಗೆ ದೊಣ್ಣೆಯಲ್ಲಿ ಹೊಡೆದನಂತೆ, ನಿಜವೇ? — ಹಾಸನದಿಂದ ಒಬ್ಬರು

ನಿಜ. ದೊಣ್ಣೆ ಅಲ್ಲ, ಚಿನ್ನದ ಹಿಡಿ ಇದ್ದ ಊರುಗೋಲು. ಆದರೆ ಕಾನ್ಸಾಸ್ ಕಥೆ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ.

1854ರಲ್ಲಿ ಸ್ಟೀಫನ್ ಡಗ್ಲಾಸ್ ಎಂಬ ಸೆನೆಟರ್ 1820ರ ಆ ಹಳೇ ಬದುವನ್ನು ಕಿತ್ತುಹಾಕಿಸಿದ. ಕಾನ್ಸಾಸ್, ನೆಬ್ರಾಸ್ಕಾ ಪ್ರದೇಶಗಳಲ್ಲಿ ಗುಲಾಮಗಿರಿ ಬೇಕೋ ಬೇಡವೋ ಅಲ್ಲಿ ನೆಲೆಸುವವರೇ ವೋಟು ಹಾಕಿ ತೀರ್ಮಾನಿಸಲಿ ಅಂದ. ಕೇಳಲು ಪ್ರಜಾಪ್ರಭುತ್ವದ ಹಾಗೇ ಇದೆ. ನಡೆದದ್ದು ಮಾತ್ರ ಎರಡೂ ಕಡೆಯವರು ಕಾನ್ಸಾಸ್‌ಗೆ ಜನ ತುಂಬಿಸುವ ಪೈಪೋಟಿ. ಮಿಸೌರಿಯಿಂದ ಸಾವಿರಾರು ಜನ ಗಡಿ ದಾಟಿ ಬಂದು ಕಳ್ಳವೋಟು ಹಾಕಿ ಹೋದರು. ಈ ಕಡೆಯಿಂದ ನಮ್ಮ ಬಟ್ಟೆ ವ್ಯಾಪಾರಿ ಲಾರೆನ್ಸ್, ಗುಲಾಮಗಿರಿ ಬೇಡ ಎನ್ನುವವರನ್ನು ಕಳಿಸಲು ದುಡ್ಡು ಸುರಿದ, ಬಂದೂಕಿಗೂ ಕೊಟ್ಟ. ಅವರು ಕಟ್ಟಿಕೊಂಡ ಊರಿಗೆ ಅವನದೇ ಹೆಸರಿಟ್ಟರು. 1856ರ ಮೇ 21ರಂದು ಗುಲಾಮಗಿರಿಯ ಪರ ಇದ್ದವರ ಗುಂಪು ಆ ಲಾರೆನ್ಸ್ ಊರಿಗೆ ನುಗ್ಗಿ ಪ್ರೆಸ್ಸು ಒಡೆದು, ಹೋಟೆಲಿಗೆ ಬೆಂಕಿ ಇಟ್ಟಿತು.

ಮಾರನೇ ದಿನ ವಾಷಿಂಗ್ಟನ್‌ನಲ್ಲಿ ಈ ಹೊಡೆತ. ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಕಾನ್ಸಾಸ್ ಬಗ್ಗೆ ಎರಡು ದಿನ ಭಾಷಣ ಮಾಡಿ, ಸೌತ್ ಕ್ಯಾರೊಲಿನಾದ ಒಬ್ಬ ಹಿರಿಯ ಸೆನೆಟರನ್ನು ಹೆಸರು ಹಿಡಿದು ಬೈದಿದ್ದ. ಬೈಗುಳ ಚೆನ್ನಾಗಿರಲಿಲ್ಲ, ಒಪ್ಪೋಣ. ಆ ಹಿರಿಯರ ಸಂಬಂಧಿ, ಕೆಳಮನೆಯ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಕೋಲು ಹಿಡಿದು ಸೆನೆಟ್ ಸಭಾಂಗಣಕ್ಕೇ ಬಂದ. ಸಮ್ನರ್ ತನ್ನ ಮೇಜಿನ ಮುಂದೆ ಕೂತು ಬರೆಯುತ್ತಿದ್ದ. ಏಟು ಬಿದ್ದಾಗ ಏಳಲು ಹೋದರೆ ಕಾಲು ಮೇಜಿನ ಕೆಳಗೆ ಸಿಕ್ಕಿಕೊಂಡಿತು. ಮೇಜನ್ನು ನೆಲಕ್ಕೆ ಬಿಗಿದಿದ್ದರು. ಆ ನೋವಿನಲ್ಲಿ ಮೇಜನ್ನೇ ಕಿತ್ತುಕೊಂಡು ಎದ್ದ, ರಕ್ತ ಸುರಿಸುತ್ತ ಬಿದ್ದ. ಕೋಲು ಮುರಿದರೂ ಬ್ರೂಕ್ಸ್ ನಿಲ್ಲಿಸಲಿಲ್ಲ.

ನಂತರ ಆಗಿದ್ದು ಇನ್ನೂ ಕೆಟ್ಟದು. ಬ್ರೂಕ್ಸ್‌ಗೆ 300 ಡಾಲರ್ ದಂಡ, ಅಷ್ಟೆ. ದಕ್ಷಿಣದಿಂದ ಅಭಿಮಾನಿಗಳು ಹೊಸ ಹೊಸ ಊರುಗೋಲು ಉಡುಗೊರೆ ಕಳಿಸಿದರು. ರಾಜೀನಾಮೆ ಕೊಟ್ಟು ಮತ್ತೆ ನಿಂತ, ಗೆದ್ದ. ಸಮ್ನರ್ ಪೂರ್ತಿ ಚೇತರಿಸಿಕೊಂಡು ಬರಲು ಮೂರು ವರ್ಷ ಹಿಡಿಯಿತು, ಅಲ್ಲಿಯವರೆಗೂ ಮ್ಯಾಸಚೂಸೆಟ್ಸ್ ಅವನ ಕುರ್ಚಿಯನ್ನು ಖಾಲಿ ಬಿಟ್ಟಿತು. ಒಂದು ಕಡೆಯವರಿಗೆ ಕೋಲು ಪ್ರಸಾದ, ಇನ್ನೊಂದು ಕಡೆಯವರಿಗೆ ಖಾಲಿ ಕುರ್ಚಿ ದೇವರು. ಹೀಗಾದ ಮೇಲೆ ಯಾವ ರಾಜಿ ಪಂಚಾಯ್ತಿ ನಡೆಯುತ್ತದೆ?

ಪ್ರಶ್ನೆ: ಅಷ್ಟು ದೊಡ್ಡ ಸುಪ್ರೀಂ ಕೋರ್ಟ್ ಇತ್ತಲ್ಲ, ಅದು ಬಗೆಹರಿಸಲಿಲ್ಲವೇ? — ಕಲಬುರಗಿಯಿಂದ ಒಬ್ಬ ವಕೀಲರು

ಬಗೆಹರಿಸಲು ಹೋಗಿ ಹಾಳು ಮಾಡಿತು ವಕೀಲರೇ. ಡ್ರೆಡ್ ಸ್ಕಾಟ್ ಎಂಬ ಗುಲಾಮನನ್ನು ಅವನ ಮಾಲೀಕ, ಒಬ್ಬ ಸೇನಾ ವೈದ್ಯ, ಗುಲಾಮಗಿರಿ ಇಲ್ಲದ ನೆಲದಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ. ಅಲ್ಲಿದ್ದವನು ಸ್ವತಂತ್ರನೇ ಅಲ್ಲವೇ ಅಂತ 1846ರಲ್ಲಿ ಸ್ಕಾಟ್ ಕೇಸು ಹಾಕಿದ. 11 ವರ್ಷ ಎಳೆಯಿತು. 1857ರ ಮಾರ್ಚ್ 6ರಂದು ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ ತೀರ್ಪು ಓದಿದರು. ಕಪ್ಪು ಜನ ಈ ದೇಶದ ಪ್ರಜೆಗಳೇ ಅಲ್ಲ, ಹಾಗಾಗಿ ಕೇಸು ಹಾಕುವ ಹಕ್ಕೇ ಇಲ್ಲ ಅಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇಲ್ಲ, ಹೊಸ ಪ್ರದೇಶಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಸಂಸತ್ತಿಗೂ ಇಲ್ಲ ಅಂತ ಸೇರಿಸಿದರು. ಎರಡು ದಿನ ಮೊದಲಷ್ಟೇ ಅಧಿಕಾರಕ್ಕೆ ಬಂದಿದ್ದ ಅಧ್ಯಕ್ಷ ಬ್ಯುಕ್ಯಾನನ್, ಕೋರ್ಟು ಏನು ಹೇಳಿದರೂ ಎಲ್ಲರೂ ಒಪ್ಪೋಣ ಅಂತ ಭಾಷಣ ಮಾಡಿದ್ದರು. ತೀರ್ಪು ಏನು ಬರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಗುಲಾಮಗಿರಿ ಹೊಸ ನೆಲಕ್ಕೆ ಹರಡಬಾರದು ಅಂತಲೇ 1854ರಲ್ಲಿ ಹುಟ್ಟಿದ್ದ ರಿಪಬ್ಲಿಕನ್ ಪಕ್ಷಕ್ಕೆ ಈ ತೀರ್ಪು 'ನಿಮ್ಮ ಪಕ್ಷವೇ ಕಾನೂನುಬಾಹಿರ' ಅಂದ ಹಾಗಾಯಿತು. ಪಕ್ಷ ಮುಚ್ಚಿಹೋಗಲಿಲ್ಲ, ಇನ್ನಷ್ಟು ಬೆಳೆಯಿತು. ಸ್ಕಾಟ್‌ಗೆ ಮಾತ್ರ ಅದೇ ವರ್ಷ ಮಾಲೀಕರು ಬಿಡುಗಡೆ ಕೊಟ್ಟರು. ಮರುವರ್ಷ ತೀರಿಕೊಂಡ.

ಪ್ರಶ್ನೆ: ಜಾನ್ ಬ್ರೌನ್ ವೀರನೋ, ಕೊಲೆಗಾರನೋ? — ಚಿತ್ರದುರ್ಗದಿಂದ ಒಬ್ಬರು

ಎರಡೂ. ಬ್ರೌನ್ ಗುಲಾಮಗಿರಿಯನ್ನು ಆಯುಧ ಹಿಡಿದೇ ಮುಗಿಸಬೇಕು ಅಂತಿದ್ದ ಬಿಳಿಯ. 1856ರಲ್ಲಿ ಕಾನ್ಸಾಸ್‌ನಲ್ಲಿ ಇವನ ಗುಂಪು ಗುಲಾಮಗಿರಿಯ ಪರ ಇದ್ದ ಐದು ಜನರನ್ನು ರಾತ್ರಿ ಮನೆಯಿಂದ ಎಳೆದು ಕೊಂದಿತು, ಅದನ್ನು ನಾನು ವೀರತನ ಅನ್ನಲಾರೆ. 1859ರ ಅಕ್ಟೋಬರ್‌ನಲ್ಲಿ 21 ಜನರನ್ನು ಕಟ್ಟಿಕೊಂಡು ವರ್ಜೀನಿಯಾದ ಹಾರ್ಪರ್ಸ್ ಫೆರಿ ಊರಿನ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದ. ಗುಲಾಮರಿಗೆ ಆಯುಧ ಹಂಚಿ ದಂಗೆ ಎಬ್ಬಿಸುವ ಯೋಚನೆ. ಎರಡೇ ದಿನದಲ್ಲಿ ಸಿಕ್ಕಿಬಿದ್ದ, ಡಿಸೆಂಬರ್ 2ಕ್ಕೆ ಗಲ್ಲು. ಹಿಡಿದ ಪಡೆಯ ಮುಖ್ಯಸ್ಥ ರಾಬರ್ಟ್ ಲೀ, ಮುಂದೆ ದಕ್ಷಿಣದ ಸೇನೆಯನ್ನು ನಡೆಸಿದವನು. ಗಲ್ಲಾದ ದಿನ ಉತ್ತರದ ಕೆಲವು ಊರುಗಳಲ್ಲಿ ಚರ್ಚಿನ ಗಂಟೆ ಬಾರಿಸಿದರು. ದಕ್ಷಿಣದವರ ಎದೆ ಒಡೆದದ್ದು ದಾಳಿಗಿಂತ ಆ ಗಂಟೆಯ ಸದ್ದಿಗೆ.

ಪ್ರಶ್ನೆ: ನಾನು ಅಟ್ಲಾಂಟಾದಲ್ಲಿ ಕೆಲಸದಲ್ಲಿರುವ ಕನ್ನಡಿಗ. ದಕ್ಷಿಣದ ಬಹುಪಾಲು ಬಿಳಿಯರ ಹತ್ತಿರ ಗುಲಾಮರೇ ಇರಲಿಲ್ಲ ಅಂತ ಇಲ್ಲಿ ಹೇಳುತ್ತಾರೆ. ಮತ್ತೆ ಅವರು ಯಾಕೆ ಪ್ರಾಣ ಕೊಟ್ಟರು?

ಲೆಕ್ಕ ಸರಿ. ಗುಲಾಮರನ್ನು ಇಟ್ಟುಕೊಂಡ ಕುಟುಂಬಗಳು ಮೂರನೇ ಒಂದು ಪಾಲಿಗಿಂತ ಕಮ್ಮಿ. ಆದರೆ ಉಳಿದವರಿಗೂ ಅದರಲ್ಲಿ ಪಾಲಿತ್ತು. ನಾಳೆ ನಾಲ್ಕು ಕಾಸು ಕೂಡಿದರೆ ನಾನೂ ಕೊಳ್ಳಬಹುದು ಅನ್ನುವ ಆಸೆ ಒಂದು. ಇನ್ನೊಂದು, ನಾನು ಎಷ್ಟೇ ಬಡವನಾದರೂ ನನಗಿಂತ ಕೆಳಗೆ ಒಬ್ಬ ಇದ್ದಾನೆ ಅನ್ನುವ ಸಮಾಧಾನ. ಈ ಎರಡನೆಯದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳು ಕಟ್ಟಿಕೊಂಡ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ನಿಮ್ಮ ಜಾರ್ಜಿಯಾದ ಸವಾನ್ನಾದಲ್ಲೇ ಭಾಷಣ ಮಾಡಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಅನ್ನುವುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂದ. ಆಮೇಲೆ ಯುದ್ಧ ಸ್ವಂತ ಊರಿಗೆ ಬಂತು, 1862ರಿಂದ ಕಡ್ಡಾಯ ಸೇನಾ ಭರ್ತಿಯೂ ಬಂತು. ಅಷ್ಟು ಹೊತ್ತಿಗೆ ಬಹಳ ಜನರಿಗೆ ಆಯ್ಕೆ ಉಳಿದಿರಲಿಲ್ಲ.

ಪ್ರಶ್ನೆ: ಲಿಂಕನ್ ಗೆದ್ದ ಕೂಡಲೇ ಗುಲಾಮರನ್ನು ಬಿಡುಗಡೆ ಮಾಡುತ್ತೇನೆ ಅಂದಿದ್ದರೇ? — ತುಮಕೂರಿನಿಂದ ಒಬ್ಬ ಗೃಹಿಣಿ

ಇಲ್ಲಮ್ಮ. ಇರುವ ಕಡೆ ಮುಟ್ಟುವುದಿಲ್ಲ, ಹೊಸ ಕಡೆ ಹರಡಲು ಬಿಡುವುದಿಲ್ಲ ಅಂದಿದ್ದರು, ಅಷ್ಟೆ. ದಕ್ಷಿಣಕ್ಕೆ ಅಷ್ಟೂ ಆಗಲಿಲ್ಲ. 1860ರ ಚುನಾವಣೆಯಲ್ಲಿ ನಾಲ್ಕು ಜನ ನಿಂತಿದ್ದರು. ಲಿಂಕನ್‌ಗೆ ಬಿದ್ದದ್ದು ನೂರಕ್ಕೆ 40 ವೋಟೂ ಇಲ್ಲ. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವರ ಹೆಸರಿನ ಮತಪತ್ರವೇ ಇರಲಿಲ್ಲ. ಆದರೂ ಗೆದ್ದರು. ನಮ್ಮ ಒಂದು ವೋಟೂ ಇಲ್ಲದೆ ದೇಶಕ್ಕೆ ಅಧ್ಯಕ್ಷನನ್ನು ಆರಿಸಬಹುದು ಅನ್ನುವುದು ದಕ್ಷಿಣದ ಸಾಹುಕಾರರಿಗೆ ಅವತ್ತು ಕಣ್ಣಿಗೆ ಹೊಡೆಯಿತು.

ಡಿಸೆಂಬರ್ 20ಕ್ಕೆ ಸೌತ್ ಕ್ಯಾರೊಲಿನಾ ಹೊರಟಿತು. ಫೆಬ್ರುವರಿ ಒಂದರ ಹೊತ್ತಿಗೆ ಏಳು ರಾಜ್ಯ. ಲಿಂಕನ್ ಇನ್ನೂ ಕುರ್ಚಿಯಲ್ಲಿ ಕೂತೇ ಇರಲಿಲ್ಲ, ಮಾರ್ಚ್ 4ಕ್ಕೆ ಪ್ರಮಾಣವಚನ. ಬಿಟ್ಟುಹೋಗುತ್ತಿದ್ದ ರಾಜ್ಯಗಳನ್ನು ತಡೆಯಲು ಸಂಸತ್ತು, ಗುಲಾಮಗಿರಿ ಇರುವ ರಾಜ್ಯಗಳಲ್ಲಿ ಅದನ್ನು ಎಂದೂ ಮುಟ್ಟುವುದಿಲ್ಲ ಅಂತ ಸಂವಿಧಾನಕ್ಕೇ ತಿದ್ದುಪಡಿ ತರಲು ಒಪ್ಪಿಗೆ ಕೊಟ್ಟಿತು. ಹೋದವರು ತಿರುಗಿಯೂ ನೋಡಲಿಲ್ಲ. ಏಪ್ರಿಲ್ 12ರ ಬೆಳಗಿನ ಜಾವ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ಫಿರಂಗಿ ಹಾರಿದವು. ಒಳಗಿದ್ದ ಸೈನಿಕರಿಗೆ ಊಟ ಮುಗಿಯುತ್ತ ಬಂದಿತ್ತು, ದಿನಸಿ ಕಳಿಸುತ್ತೇನೆ ಅಂತ ಲಿಂಕನ್ ಮೊದಲೇ ತಿಳಿಸಿದ್ದರು. 34 ಗಂಟೆ ಗುಂಡಿನ ಮಳೆ. ಆ ದಾಳಿಯಲ್ಲಿ ಒಬ್ಬನೂ ಸಾಯಲಿಲ್ಲ. ಮುಂದಿನ ನಾಲ್ಕು ವರ್ಷದಲ್ಲಿ ಸತ್ತವರು 6 ಲಕ್ಷಕ್ಕೂ ಹೆಚ್ಚು. ಬಿಡುಗಡೆಯ ಘೋಷಣೆ ಬಂದದ್ದು 1863ರ ಜನವರಿ 1ಕ್ಕೆ. ಅಷ್ಟರೊಳಗೆ ಸಾವಿರಾರು ಗುಲಾಮರು ತಾವಾಗಿಯೇ ಎಸ್ಟೇಟು ಬಿಟ್ಟು ಉತ್ತರದ ಸೇನೆಯ ಶಿಬಿರಗಳಿಗೆ ನಡೆದು ಬಂದಿದ್ದರು.

ಪ್ರಶ್ನೆ: ಅಮೆರಿಕದ ಜಗಳದಾಗ ನಮ್ಮ ಕಡೆ ಹತ್ತಿ ಮಾರಿ, ಬಂಡಿ ಗಾಲಿಗೆ ಬೆಳ್ಳಿ ಪಟ್ಟಿ ಹಾಕಿಸಿದ್ರು ಅಂತ ನಮ್ಮಜ್ಜ ಹೇಳತಿದ್ದರು. ಖರೇನ? — ಗದಗಿನಿಂದ ಒಬ್ಬ ರೈತರು

ಹತ್ತಿಗೆ ಬಂಗಾರದ ಬೆಲೆ ಬಂದದ್ದು ಖರೆ. ಬೆಳ್ಳಿ ಪಟ್ಟಿ ಕಪ್ಪು ಮಣ್ಣಿನ ದಾರಿಯಲ್ಲಿ ಎಷ್ಟು ದಿನ ಬಾಳೀತು ಅಂತ ನಿಮ್ಮಜ್ಜನನ್ನೇ ಕೇಳಬೇಕಿತ್ತು.

1858ರಲ್ಲಿ ಸೌತ್ ಕ್ಯಾರೊಲಿನಾದ ಸೆನೆಟರ್ ಜೇಮ್ಸ್ ಹ್ಯಾಮಂಡ್, ಹತ್ತಿಯೇ ರಾಜ, ಜಗತ್ತಿನಲ್ಲಿ ಯಾರೂ ಅದರ ಮೇಲೆ ಯುದ್ಧ ಮಾಡಲಾರರು ಅಂತ ಸವಾಲು ಹಾಕಿದ್ದ. ದಕ್ಷಿಣದವರು ಯುದ್ಧಕ್ಕೆ ಇಳಿದದ್ದೇ ಆ ಧೈರ್ಯದಲ್ಲಿ. ಇಂಗ್ಲೆಂಡಿನ ಮಿಲ್ಲುಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅವರದು. ಹತ್ತಿ ನಿಂತರೆ ಇಂಗ್ಲೆಂಡ್ ಓಡಿಬಂದು ನಮ್ಮ ಪಕ್ಷ ಹಿಡಿಯುತ್ತದೆ ಅಂದುಕೊಂಡಿದ್ದರು. ಉತ್ತರದ ನೌಕೆಗಳು ಬಂದರುಗಳಿಗೆ ದಿಗ್ಬಂಧನ ಹಾಕಿದವು, ಲ್ಯಾಂಕಾಶೈರ್‌ನಲ್ಲಿ ಮಿಲ್ಲು ನಿಂತು ಕೂಲಿಕಾರರು ಉಪವಾಸ ಬಿದ್ದರು, ಆದರೂ ಇಂಗ್ಲೆಂಡ್ ಓಡಿಬರಲಿಲ್ಲ. ಅದು ಈಜಿಪ್ಟ್ ಕಡೆ ನೋಡಿತು, ನಮ್ಮ ಕಡೆ ನೋಡಿತು.

ನಿಮ್ಮ ಸೀಮೆ ಆಗಲೇ ತಯಾರಿತ್ತು. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ಅಲ್ಲಿನ ಬೀಜವನ್ನು ಧಾರವಾಡದ ಮಣ್ಣಿಗೆ ಒಗ್ಗಿಸಿತ್ತು. ಪೇಟೆಯಲ್ಲಿ ಅದಕ್ಕೆ 'ಧಾರವಾಡ ಅಮೆರಿಕನ್' ಅಂತಲೇ ಹೆಸರು. ನಮ್ಮ ಜವಾರಿ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದರಿಂದ ಅದನ್ನು 'ಕುಮಟಾ' ಅನ್ನುತ್ತಿದ್ದರು. ಯುದ್ಧ ನಡೆಯುತ್ತಿದ್ದಂತೆ ಲಿವರ್‌ಪೂಲ್‌ನಲ್ಲಿ ಹತ್ತಿ ಬೆಲೆ ಮೂರು ಪಟ್ಟಿಗೂ ಮೇಲೆ ಹೋಯಿತು. ಧಾರವಾಡದ ಹತ್ತಿ ಬೇಗ ಹಡಗು ಹತ್ತಲಿ ಅಂತ ಕಾರವಾರ ಬಂದರಿನ ಕೆಲಸಕ್ಕೆ ಕೈಹಾಕಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರ ಇತ್ತು.

ಬೇರೆ ಬೆಳೆ ಬಿಟ್ಟು ಹತ್ತಿ ಬಿತ್ತಿದರು, ಸಾಲ ಮಾಡಿ ಬಿತ್ತಿದರು. 1865ರ ಏಪ್ರಿಲ್‌ನಲ್ಲಿ ಲೀ ಶರಣಾದ. ಆ ಸುದ್ದಿ ಮುಂಬೈ ಪೇಟೆಗೆ ಮುಟ್ಟಿದ್ದೇ ತಡ, ದರ ಪಾತಾಳಕ್ಕೆ ಬಿತ್ತು, ಬ್ಯಾಂಕುಗಳೇ ಮುಳುಗಿದವು. ನಿಮ್ಮಜ್ಜ ಆ ಬೆಳ್ಳಿ ಪಟ್ಟಿ ಆಮೇಲೆ ಎಲ್ಲಿ ಹೋಯಿತು ಅಂತ ಏನಾದರೂ ಹೇಳಿದ್ದರೆ ಖಂಡಿತ ಬರೆದು ಕಳಿಸಿ.